ಟೊಂಕ ಕಟ್ಟುವ ಮೊದಲು ಉಸಿರು ಹಿಡಿಯಿರಿ

ಚಿಕ್ಕೇರೂರಿನ ಓದುಗರೊಬ್ಬರು ಕೇಳಿದ್ದಾರೆ. ಅವರ ಮಗ ಪೊಲೀಸ್ ನೇಮಕಾತಿಗೆ ತಯಾರಿ ನಡೆಸಿದ್ದಾನೆ, ದಿನಾ ಜಿಮ್‌ಗೆ ಹೋಗುತ್ತಾನೆ. ಈಗ ಸೊಂಟಕ್ಕೆ ಕಟ್ಟುವ ದಪ್ಪ ಚರ್ಮದ ಬೆಲ್ಟ್ ಬೇಕೆಂದು ಹಟ ಹಿಡಿದಿದ್ದಾನೆ. ತಂದೆ ಹಮಾಲಿ ಮಾಡಿ ಮನೆ ನಡೆಸಿದವರು. ‘ನಾವು ನಡಕ್ಕ ಟವೆಲ್ ಬಿಗಿದು ಚೀಲಾ ಹೊತ್ತವ್ರು. ಈ ಬೆಲ್ಟು ಖರೇನ ನಡಾ ಉಳಸತೈತೇನ್ರಿ, ಇಲ್ಲಾ ಬರೇ ಶೋಕಿನೋ? ಉಳಸತೈತಿ ಅಂದ್ರ ನಮ್ಮ ಹಮಾಲರಿಗೂ ಒಂದೊಂದು ಕೊಡಸಬೇಕಲ್ರಿ?’

ಇಂಥ ಪ್ರಶ್ನೆ ಬಂದರೆ ನನಗೆ ಹಬ್ಬ. ಇದರಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಉತ್ತರ ಬೇರೆ. ಮಗ ನಿಜವಾಗಿಯೂ ಭಾರೀ ತೂಕ ಎತ್ತುತ್ತಿದ್ದರೆ ಬೆಲ್ಟ್ ಕೊಡಿಸಬಹುದು. ಹಮಾಲರಿಗೆ ಬೇಡ. ಅದೇ ಸೊಂಟ, ಅದೇ ಭಾರ, ಅದೇ ಬೆಲ್ಟು. ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಅಲ್ಲ ಎಂದರೆ ಹೇಗೆ? ಉತ್ತರ ಇರುವುದು ಉಸಿರಿನಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆ ತೊಲಗಬೇಕು. ಬೆಲ್ಟ್ ಬೆನ್ನುಮೂಳೆಗೆ ಹಿಂದಿನಿಂದ ಆಸರೆ ಕೊಡುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ತಯಾರಕರೂ ಇದನ್ನೇ ನಂಬಿದಂತಿದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಬೆಲ್ಟುಗಳು ಬೆನ್ನ ಕಡೆ ಅಗಲ, ಹೊಟ್ಟೆಯ ಕಡೆ ಸಣ್ಣ. ಆದರೆ ದೊಡ್ಡ ತೂಕವನ್ನು ಹೆಗಲ ಮೇಲೆ ಹೊತ್ತು ಕೂತೇಳುವ (ಸ್ಕ್ವಾಟ್), ನೆಲದಿಂದ ಮೇಲೆತ್ತುವ (ಡೆಡ್‌ಲಿಫ್ಟ್) ಪವರ್‌ಲಿಫ್ಟರುಗಳ ಬೆಲ್ಟ್ ನೋಡಿ, ಸುತ್ತಲೂ ಒಂದೇ ಅಗಲ. ಅವರ ಸ್ಪರ್ಧೆಯ ನಿಯಮದಂತೆ ಅದು 10 ಸೆಂ.ಮೀ. ಅಗಲ, 13 ಮಿ.ಮೀ. ದಪ್ಪ ಮೀರುವಂತಿಲ್ಲ. ಬೆಲ್ಟಿನ ಅಸಲಿ ಕೆಲಸ ನಡೆಯುವುದು ಮುಂದೆ, ಹೊಟ್ಟೆಯ ಮೇಲೆ ಎಂಬುದು ಆ ಜನಕ್ಕೆ ಅನುಭವದಿಂದಲೇ ಗೊತ್ತು.

ನಮ್ಮ ನಡುವಿನ ರಚನೆಯೇ ವಿಚಿತ್ರ. ಎದೆಗೆ ಪಕ್ಕೆಲುಬಿನ ಗೂಡಿದೆ. ಕೆಳಗೆ ಸೊಂಟದ ಮೂಳೆಗಳ ಬಟ್ಟಲಿದೆ. ಇವೆರಡರ ನಡುವೆ ಇರುವುದು ಬೆನ್ನಿನ ಐದು ಮಣಿಗಳು ಮಾತ್ರ. ಮುಂದುಗಡೆ ಒಂದೂ ಮೂಳೆಯಿಲ್ಲ, ಬರೀ ಕರುಳು, ನೀರು, ಮಾಂಸ. ನೂರಾರು ಕಿಲೋ ಹೆಗಲ ಮೇಲೆ ಬಂದಾಗ ಈ ಮೆತ್ತನೆಯ ಭಾಗ ಮಡಚಿಕೊಳ್ಳದೆ ನಿಲ್ಲುವುದು ಹೇಗೆ?

ಗೋವಿನಜೋಳದ ಚೀಲವನ್ನು ನೆನೆಯಿರಿ. ಅರ್ಧ ತುಂಬಿದ ಚೀಲ ನಿಲ್ಲಿಸಿದರೆ ನಡುವಿಗೇ ಮಡಚಿ ಕೂರುತ್ತದೆ. ಅದನ್ನೇ ಕುಲುಕಿ ಕುಲುಕಿ ಬಿಗಿಯಾಗಿ ತುಂಬಿ ಬಾಯಿ ಹೊಲಿದರೆ ಕಂಬದ ಹಾಗೆ ನಿಲ್ಲುತ್ತದೆ, ಮೇಲೆ ಇನ್ನೊಂದು ಚೀಲ ಹೇರಿದರೂ ಜಗ್ಗುವುದಿಲ್ಲ. ಗೋಣಿತಟ್ಟು ಅದೇ, ಕಾಳೂ ಅದೇ. ಬದಲಾದದ್ದು ಒಳಗಿನ ಒತ್ತಡ.

ನಮ್ಮ ಹೊಟ್ಟೆಯೂ ಹೀಗೆ ‘ಬಿಗಿದು ತುಂಬುವ’ ಚೀಲ. ಅದಕ್ಕೆ ಮೇಲಿನ ಮುಚ್ಚಳ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ಉಸಿರಾಟದ ಸ್ನಾಯು. ಆಳವಾಗಿ ಉಸಿರೆಳೆದಾಗ ವಪೆ ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ. ಸುತ್ತಲಿನ ಸ್ನಾಯುಗಳು ಅದೇ ಹೊತ್ತಿಗೆ ಬಿಗಿದರೆ ಒಳಗಿನದು ಹೊರಗೆ ಸರಿಯಲು ಜಾಗವಿಲ್ಲ. ನೀರು ತುಂಬಿದ್ದನ್ನು ಒತ್ತಿದರೆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು ಪಾಸ್ಕಲ್ 17ನೇ ಶತಮಾನದಲ್ಲೇ ಹೇಳಿಹೋಗಿದ್ದಾನೆ. ಹೊಟ್ಟೆ ಆ ನಿಯಮಕ್ಕೆ ಹೊರತಲ್ಲ.

ಈಗಲೇ ಪರೀಕ್ಷಿಸಿ ನೋಡಿ. ಎದ್ದು ನಿಂತು ಎರಡೂ ಕೈಯ ಬೆರಳುಗಳನ್ನು ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಪಕ್ಕಗಳಲ್ಲಿ ಒತ್ತಿ ಹಿಡಿಯಿರಿ. ಒಮ್ಮೆ ಗಟ್ಟಿಯಾಗಿ ಕೆಮ್ಮಿ. ಬೆರಳುಗಳನ್ನು ಯಾರೋ ಒಳಗಿನಿಂದ ಹೊರಕ್ಕೆ ನೂಕಿದಂತಾಯಿತಲ್ಲವೇ? ಅದೇ ಆ ಒತ್ತಡ. ಸುಮ್ಮನೆ ಮಲಗಿದಾಗ ಹೊಟ್ಟೆಯೊಳಗಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 5 ಮಿ.ಮೀ. ಇರುತ್ತದೆ. ಪಳಗಿದ ಪವರ್‌ಲಿಫ್ಟರ್ ತನ್ನ ಗರಿಷ್ಠ ತೂಕ ಎತ್ತುವ ಕ್ಷಣದಲ್ಲಿ ಅದು 200 ಮಿ.ಮೀ. ದಾಟುತ್ತದೆ. ವಪೆಯ ವಿಸ್ತಾರ 300 ಚದರ ಸೆಂ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ ಪಕ್ಕೆಲುಬಿನ ಗೂಡನ್ನು ಕೆಳಗಿನಿಂದ ಮೇಲಕ್ಕೆ ನೂಕುವ ಬಲ ಹತ್ತಿರ ಹತ್ತಿರ 80 ಕಿಲೋ ತೂಕದಷ್ಟಾಗುತ್ತದೆ. ಮೂಳೆಯೇ ಇಲ್ಲದ ಜಾಗದಲ್ಲಿ ಉಸಿರು ಮತ್ತು ಮಾಂಸ ಸೇರಿ ಕಟ್ಟಿಕೊಂಡ ಕಂಬ ಇದು. ಇದನ್ನು ಎಷ್ಟು ಬಾರಿ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

1957ರಲ್ಲಿ ಬಾರ್ಟೆಲಿಂಕ್ ಎಂಬ ವೈದ್ಯ ವಿಜ್ಞಾನಿ ಈ ಒತ್ತಡ ಬೆನ್ನಿನ ಮಣಿಗಳ ಮೇಲಿನ ಭಾರವನ್ನು ಇಳಿಸುತ್ತದೆ ಎಂದು ವಾದಿಸಿದ. ಮುಂದೆ ಬಂದವರು ಒಂದು ತಕರಾರು ತೆಗೆದರು. ಹೊಟ್ಟೆಯನ್ನು ಬಿಗಿಯುವ ಸ್ನಾಯುಗಳೇ ಪಕ್ಕೆಲುಬನ್ನು ಕೆಳಕ್ಕೆ ಎಳೆಯುತ್ತವೆ. ಮೇಲಕ್ಕೆ ನೂಕಿದ್ದರಲ್ಲಿ ಎಷ್ಟೋ ಪಾಲು ಅಲ್ಲೇ ವಜಾ ಆಗುತ್ತದೆ. ಹಾಗಾಗಿ ಭಾರ ಇಳಿಯುತ್ತದೆ ಎನ್ನುವುದಕ್ಕಿಂತ ನಡು ಬಿಗಿಯಾಗಿ, ಅಲುಗದೆ ನಿಲ್ಲುತ್ತದೆ ಎನ್ನುವುದು ಸರಿ. ಬೆನ್ನಿಗೆ ಪೆಟ್ಟಾಗುವುದು ಹೆಚ್ಚಾಗಿ ಭಾರದ ನಡುವೆ ಒಂದು ಮಣಿ ತನ್ನ ಜಾಗದಲ್ಲಿ ಅಳತೆ ಮೀರಿ ಬಾಗಿದಾಗ. ಬಿಗುವು ಅದನ್ನು ತಡೆಯುತ್ತದೆ.

ಎಪಿಎಂಸಿ ಅಂಗಳದಲ್ಲಿ ಹಮಾಲರ ಕೆಲಸ ನೋಡುತ್ತ ನಿಂತರೆ ಈ ವಿದ್ಯೆ ಕಣ್ಣೆದುರೇ ಕಾಣುತ್ತದೆ. ಇಬ್ಬರು ಚೀಲದ ಮೂಲೆ ಹಿಡಿದು ಎತ್ತುತ್ತಾರೆ, ಮೂರನೆಯವನು ಬಾಗಿ ಬೆನ್ನು ಕೊಡುತ್ತಾನೆ. ಚೀಲ ಬೆನ್ನಿಗೆ ತಾಗುವ ಸರಿಯಾದ ಗಳಿಗೆಗೆ ಅವನ ಗಂಟಲಲ್ಲಿ ‘ಹ್ಞುಂ’ ಎಂಬ ಗಿಡ್ಡ ಸದ್ದು. ಆ ಸದ್ದು ಗಂಟಲಿನ ಬಾಗಿಲು ಮುಚ್ಚಿದ ಗುರುತು. ಉಸಿರು ಒಳಗೆ ಸಿಕ್ಕಿದೆ, ಹೊಟ್ಟೆ ಬಿಗಿದಿದೆ, ನಡು ಕಂಬವಾಗಿದೆ. ಎರಡು ಹೆಜ್ಜೆ ನಡೆದ ಮೇಲೆ ‘ಹಾ’ ಎಂದು ಉಸಿರು ಬಿಡುತ್ತಾನೆ. ಗರಡಿಮನೆಯಲ್ಲಿ ಕಲ್ಲುಗುಂಡು ಎತ್ತುವವರೂ ಇದನ್ನೇ ಮಾಡುತ್ತಾರೆ. ಯಾವ ಉಸ್ತಾದರೂ ಇದಕ್ಕೆ ಪುಸ್ತಕ ಓದಿರಲಿಲ್ಲ.

ವೈದ್ಯರು ಇದನ್ನು ವಾಲ್ಸಾಲ್ವಾ ತಂತ್ರ ಎನ್ನುತ್ತಾರೆ. ಇಟಲಿಯ ಆಂಟೋನಿಯೊ ಮರಿಯಾ ವಾಲ್ಸಾಲ್ವಾ ಇದನ್ನು 1704ರಲ್ಲಿ ವಿವರಿಸಿದ್ದು ಕಿವಿಯ ಕೀವು ಹೊರಹಾಕುವ ಉಪಾಯವಾಗಿ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಕಿವಿ ಗಪ್ಪೆಂದರೆ ನಾವು ಮೂಗು ಹಿಡಿದು ಉಸಿರು ನೂಕುತ್ತೇವಲ್ಲ, ಅದೂ ಇದೇ.

ಆದರೆ ಈ ತಂತ್ರಕ್ಕೆ ತೆರಬೇಕಾದ ಬೆಲೆ ಇದೆ. 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು, ಅವರು ಕಾಲಿನಿಂದ ಭಾರೀ ತೂಕ ಒತ್ತುವಾಗ ರಕ್ತದೊತ್ತಡ ಅಳೆದರು. 120/80 ಇರಬೇಕಾದದ್ದು ಸರಾಸರಿ 320/250ಕ್ಕೆ ಏರಿತ್ತು. ಒಬ್ಬನಲ್ಲಂತೂ 480/350! ಕೆಲವೇ ಕ್ಷಣಗಳ ಮಟ್ಟಿಗೆ ಆರೋಗ್ಯವಂತ ಯುವಕರು ಇದನ್ನು ತಡೆದುಕೊಳ್ಳಬಲ್ಲರು. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಆದವರು, ಕಣ್ಣಿನಲ್ಲಿ ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಉಸಿರು ಬಿಗಿಹಿಡಿದು ಭಾರ ಎತ್ತಲೇಬಾರದು, ಬೆಲ್ಟ್ ಇರಲಿ, ಇಲ್ಲದಿರಲಿ.

ಹಾಗಾದರೆ ಬೆಲ್ಟ್ ಮಾಡುವುದೇನು? ಹೊಟ್ಟೆಯ ಸ್ನಾಯುಗಳಿಗೆ ಒತ್ತಿ ನಿಲ್ಲಲು ಒಂದು ಗೋಡೆ ಒದಗಿಸುತ್ತದೆ, ಅಷ್ಟೇ. ಉಸಿರು ತುಂಬಿದ ಹೊಟ್ಟೆ ಆ ಗೋಡೆಗೆ ಒತ್ತಿದಾಗ ಒಳಗಿನ ಒತ್ತಡ ಬೆಲ್ಟ್ ಇಲ್ಲದಾಗಿನದಕ್ಕಿಂತ ಇನ್ನೂ ಮೇಲೇರುತ್ತದೆ ಎಂದು 1989ರಿಂದೀಚೆಗೆ ಹಲವು ಪ್ರಯೋಗಗಳು ತೋರಿಸಿವೆ. ‘ಬೆಲ್ಟ್ ಕಟ್ಟಿದರೆ ಹೊಟ್ಟೆಯ ಸ್ನಾಯುಗಳು ಮೈಗಳ್ಳ ಆಗುತ್ತವೆ’ ಎಂದು ಹೆದರಿಸುವವರಿದ್ದಾರೆ. ಆ ಹೆದರಿಕೆಗೆ ಗಟ್ಟಿ ಆಧಾರವಿಲ್ಲ. ಗರಿಷ್ಠ ತೂಕದ ಶೇಕಡಾ 90ರಷ್ಟು ಹೊತ್ತು ಸ್ಕ್ವಾಟ್ ಮಾಡಿದವರ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದಾಗ ಬೆಲ್ಟ್ ಇದ್ದರೂ ಅವು ತಮ್ಮ ಪಾಲಿನ ಕೆಲಸ ಬಿಟ್ಟಿರಲಿಲ್ಲ, ಬಾರ್ ಮಾತ್ರ ತುಸು ಬೇಗ ಮೇಲೆ ಬಂದಿತ್ತು. ಇಲ್ಲಿ ಗಮನಿಸಬೇಕಾದದ್ದು ಒಂದೇ. ಉಸಿರು ಹಿಡಿದು ಹೊಟ್ಟೆಯಿಂದ ಒತ್ತದವನ ಮೈಮೇಲೆ ಬೆಲ್ಟ್ ಬರೀ ಚರ್ಮದ ಪಟ್ಟಿ.

ಆದ್ದರಿಂದ ಮಗನಿಗೆ ನನ್ನ ಮಾತು ಇಷ್ಟು. ಮೊದಲ ಕೆಲವು ತಿಂಗಳು ಬೆಲ್ಟ್ ಇಲ್ಲದೆ ಕಲಿ. ಹೊಟ್ಟೆಯ ಮುಂದೆ, ಪಕ್ಕ, ಹಿಂದೆ ಎಲ್ಲ ಕಡೆ ಉಬ್ಬುವಂತೆ ಉಸಿರು ತುಂಬುವುದು ಕೈಗೆ ಹತ್ತಲಿ. ಆಮೇಲೆ ಬೆಲ್ಟ್ ತಗೊ. ಅದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಕೂರಬೇಕು, ಪ್ಯಾಂಟಿನ ಜಾಗದಲ್ಲಲ್ಲ. ಉಸಿರಾಡಲೂ ಬಾರದಷ್ಟು ಎಳೆದು ಬಿಗಿದರೆ ವಪೆ ಇಳಿಯಲು ಜಾಗವೇ ಉಳಿಯುವುದಿಲ್ಲ, ಬೆರಳೊಂದು ತೂರುವಷ್ಟು ಸಡಿಲ ಇರಲಿ. ಮೈ ಬಿಸಿ ಮಾಡುವ ಹಗುರ ಸುತ್ತುಗಳಲ್ಲಿ ಬೇಡ. ಎತ್ತಬಲ್ಲ ಗರಿಷ್ಠದ ಶೇಕಡಾ 80 ದಾಟಿದ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಿಗೆ ಮಾತ್ರ ಕಟ್ಟು, ಮುಗಿದೊಡನೆ ಬಿಚ್ಚು. ಕೈಯಲ್ಲಿ ಡಂಬೆಲ್ ಹಿಡಿದು ತೋಳು ಮಡಚುವಾಗ ಬೆಲ್ಟ್ ಯಾವ ಕೆಲಸಕ್ಕೂ ಬಾರದು. ನಡು ಬಾಗಿಸಿ ಎತ್ತುವ ಕೆಟ್ಟ ಚಾಳಿ ಇದ್ದರೆ ಬೆಲ್ಟ್ ಅದನ್ನು ತಿದ್ದುವುದಿಲ್ಲ. ಕಟ್ಟಿಕೊಂಡ ಧೈರ್ಯದಲ್ಲಿ ಇನ್ನಷ್ಟು ತೂಕ ಏರಿಸಿ ಪೆಟ್ಟು ಮಾಡಿಕೊಳ್ಳುವ ಅಪಾಯವೇ ಹೆಚ್ಚು.

ಮನುಷ್ಯನ ನಡು ಸರಿಯಾಗಿ ಪಳಗಿದರೆ ಏನು ಮಾಡಬಲ್ಲದು ಎನ್ನಲು ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಸಾಕ್ಷಿ. ಚಾಲಕರೊಬ್ಬರ ಮಗ, ಕುಸ್ತಿಯ ಆಸೆ ಹೊತ್ತು ಹೊರಟು ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತಲು ಕಲಿತವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದುಕೊಟ್ಟವರು ಅವರೇ. 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು. ಕ್ಲೀನ್ ಅಂಡ್ ಜರ್ಕ್‌ನ ಒಂದೇ ಎತ್ತಿನಲ್ಲಿ ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರವನ್ನು ನೆಲದಿಂದ ತಲೆಯ ಮೇಲಕ್ಕೆ! ಒಲಿಂಪಿಕ್ ಮಾದರಿಯ ಭಾರ ಎತ್ತುವಿಕೆಯಲ್ಲಿ 12 ಸೆಂ.ಮೀ. ಅಗಲದವರೆಗಿನ ಬೆಲ್ಟಿಗೆ ಅವಕಾಶವಿದೆ. ಆದರೂ ವೇದಿಕೆಗೆ ಬೆಲ್ಟ್ ಇಲ್ಲದೆ ಬರುವವರು ಬೇಕಾದಷ್ಟು ಜನ. ವರ್ಷಗಟ್ಟಲೆ ಸಾಮು ಮಾಡಿ ಗಳಿಸಿದ ಬಿಗುವು ಮೊದಲು, ಬೆಲ್ಟ್ ಆಮೇಲೆ.

ಇನ್ನು ನಡು ಹಿಡಿದಾಗ ನಮ್ಮಲ್ಲಿ ಮಾಡುವ ಚಿಕಿತ್ಸೆಗಳ ಬಗ್ಗೆ ಸಿಟ್ಟಿನಿಂದಲೇ ಎರಡು ಮಾತು. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದೆಸಿಕೊಳ್ಳುವುದು, ಮಂತ್ರಿಸಿದ ಕರಿದಾರ ಸೊಂಟಕ್ಕೆ ಕಟ್ಟಿಸಿಕೊಳ್ಳುವುದು ಇವತ್ತಿಗೂ ನಿಂತಿಲ್ಲ. ಸಾಧಾರಣ ಬೆನ್ನುನೋವು ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ, ಹೆಸರು ಮಾತ್ರ ಒದ್ದವನಿಗೆ. ಮಣಿಗಳ ನಡುವಿನ ಮೆತ್ತೆ ಜಾರಿ ನರ ಒತ್ತಿದ್ದರೆ ಆ ಒದೆತ ಮನುಷ್ಯನನ್ನು ಹಾಸಿಗೆಗೆ ಕೆಡವಬಹುದು. ಕಾಲಿಗೆ ಜೋಮು ಇಳಿದರೆ, ಪಾದ ಎತ್ತಲು ಬಾರದಿದ್ದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಹಮಾಲರ ಪ್ರಶ್ನೆ. ಇದಕ್ಕೆ ಅಮೆರಿಕದಲ್ಲಿ ದೊಡ್ಡ ಅಧ್ಯಯನವೇ ನಡೆದಿದೆ. 160 ಅಂಗಡಿಗಳಲ್ಲಿ ಸಾಮಾನು ಎತ್ತಿಡುವ 9,377 ನೌಕರರನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಬೆಲ್ಟ್ ಕಟ್ಟುವವರನ್ನೂ ಕಟ್ಟದವರನ್ನೂ ಹೋಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಾ ಬೆಲ್ಟ್ ಕಟ್ಟಿ ದುಡಿದವರಲ್ಲಿ ಬೆನ್ನುನೋವಾಗಲಿ ಪೆಟ್ಟಿನ ಪರಿಹಾರ ಕೇಳಿದ ಪ್ರಕರಣಗಳಾಗಲಿ ಕಡಿಮೆ ಆಗಿರಲಿಲ್ಲ. ಕಾರಣ ಈಗ ಊಹಿಸಬಹುದು. ಜಿಮ್‌ನ ಹುಡುಗ ಒಂದು ಎತ್ತಿಗೆ ಸಜ್ಜಾಗುತ್ತಾನೆ, ಉಸಿರು ತುಂಬುತ್ತಾನೆ, ಎತ್ತಿ ಇಳಿಸಿ ಮೂರು ನಿಮಿಷ ಕೂರುತ್ತಾನೆ. ಹಮಾಲನಿಗೆ ಲಾರಿ ತುಂಬುವ ತನಕ ಪುರಸೊತ್ತಿಲ್ಲ. ಪ್ರತಿ ಚೀಲಕ್ಕೂ ನಿಂತು ಉಸಿರು ಹಿಡಿಯುತ್ತ ಕೂತರೆ ಕೂಲಿ ಗಿಟ್ಟುವುದಿಲ್ಲ. ಚೀಲ ಹೊತ್ತು ಹಲಗೆ ಹತ್ತುವಾಗ, ತಿರುಗುವಾಗ ಅವನು ಉಸಿರಾಡಲೇಬೇಕು. ಉಸಿರಾಡಿದ ಕೂಡಲೇ ಆ ಕಂಬ ಸಡಿಲಾಗುತ್ತದೆ. ಅವನ ನಡು ಸವೆಯುವುದು ಒಂದು ದೊಡ್ಡ ಎತ್ತಿನಿಂದಲ್ಲ, ದಣಿದ ಮೈಯಲ್ಲಿ ಹೊತ್ತ ನೂರಾರು ಚೀಲಗಳಿಂದ.

ಅವನಿಗೆ ಬೇಕಾದದ್ದು ಹಗುರ ಚೀಲ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋಗಿಂತ ಹೆಚ್ಚಿರುವ ಕಡೆ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಕ್ವಿಂಟಲ್ ಚೀಲದ ಕಾಲ ಬಹುಪಾಲು ಮುಗಿದಿದೆ, ಸಿಮೆಂಟು 50 ಕಿಲೋ ಚೀಲದಲ್ಲೇ ಬರುತ್ತದೆ. ಆದರೂ ಸುಗ್ಗಿಯಲ್ಲಿ ಗೋಣಿಚೀಲ ಹಿಡಿಸಿದಷ್ಟು ತುರುಕಿ ತುಂಬುವ ರೂಢಿ ಪೂರ್ತಿ ಬಿಟ್ಟುಹೋಗಿಲ್ಲ. ಹಾಗೆ ತುಂಬಿದ ಒಂದೊಂದು ಹೆಚ್ಚುವರಿ ಕಿಲೋವನ್ನೂ ಹೊರುವುದು ಯಾರದೋ ನಡು. ಪ್ರಶ್ನೆ ಕೇಳಿದ ಹಿರಿಯರೇ, ಹಮಾಲರಿಗೆ ಬೆಲ್ಟ್ ಕೊಡಿಸುವ ದುಡ್ಡಿನಲ್ಲಿ ಎರಡು ತಳ್ಳುಗಾಡಿ ಕೊಡಿಸಿ. ಚೀಲ ತುಂಬುವ ಕಡೆ ತೂಕದ ಯಂತ್ರದ ಮುಂದೆ ನಿಂತು, 50 ಕಿಲೋ ಮುಟ್ಟಿದೊಡನೆ ಬಾಯಿ ಹೊಲಿಸಿ ಎಂದು ಪಟ್ಟು ಹಿಡಿಯಿರಿ. ಮಗನ ನಡು ಕಾಯುವುದು ಅವನ ಉಸಿರಿನ ಕೈಯಲ್ಲಿದೆ. ಹಮಾಲರ ನಡು ಕಾಯುವುದು ಚೀಲ ತುಂಬಿಸುವ ನಮ್ಮ ಕೈಯಲ್ಲಿದೆ.