ವಿದ್ಯುತ್ತಿನ ಲೆಕ್ಕವಿಡುವ ಉಂಗುರ

ಮುಂಬಯಿಯಂತಹ ಮಹಾನಗರಗಳ ಬಹುಮಹಡಿ ಕಟ್ಟಡಗಳಿಗೆ ಬರುವ ಮುಖ್ಯ ತಂತಿಗಳಲ್ಲಿ ನೂರಾರು ಆಂಪಿಯರ್ ವಿದ್ಯುತ್ ಪ್ರವಾಹ ಹರಿಯುವುದುಂಟು. ಇಷ್ಟನ್ನೂ ನೇರವಾಗಿ ಮೀಟರಿನೊಳಗೆ ಹಾಯಿಸುವುದು ಕಷ್ಟ. ಆದ್ದರಿಂದ ಆ ಪ್ರವಾಹದ ಸಣ್ಣದೊಂದು ಪ್ರತಿರೂಪವನ್ನು ಮೀಟರಿಗೆ ಒದಗಿಸುವ ಸಾಧನವೇ ಕರೆಂಟ್ ಟ್ರಾನ್ಸ್‌ಫಾರ್ಮರ್, ರೂಢಿಯಲ್ಲಿ ‘ಸಿ.ಟಿ.’

ಇದರ ರಚನೆ ಸರಳವಾದುದು. ಉಂಗುರದಾಕಾರದ ಕಬ್ಬಿಣದ ತಿರುಳಿನ ನಡುವೆ ಮುಖ್ಯ ತಂತಿ ಹಾದುಹೋಗುತ್ತದೆ. ತಿರುಳಿನ ಮೇಲೆ ತೆಳುತಂತಿಯ ಅನೇಕ ಸುತ್ತುಗಳಿರುತ್ತವೆ. ‘200/5’ ಎಂದು ನಮೂದಿಸಿದ ಸಿ.ಟಿ.ಯಲ್ಲಿ ಇಂತಹ ಸುತ್ತುಗಳು ಸುಮಾರು 40. ಮುಖ್ಯ ತಂತಿಯಲ್ಲಿ 200 ಆಂಪಿಯರ್ ಹರಿದಾಗ ಮೀಟರಿಗೆ ತಲುಪುವುದು 5 ಆಂಪಿಯರ್ ಮಾತ್ರ. ಕೆಲವು ಬಿಲ್ಲುಗಳಲ್ಲಿ ಮೀಟರಿನ ಅಂಕಿಯನ್ನು 40ರಿಂದ ಗುಣಿಸಿರುವುದು ಇದೇ ಕಾರಣದಿಂದ.

ಅಪಾಯವಿರುವುದು ಈ ಸಣ್ಣ ತಂತಿಯಲ್ಲಿಯೇ. ಅದರಲ್ಲಿ ಹರಿಯುವ ಪ್ರವಾಹವು ಮುಖ್ಯ ಪ್ರವಾಹದ ಕಾಂತಪ್ರಭಾವವನ್ನು ಬಹುಮಟ್ಟಿಗೆ ಸರಿದೂಗಿಸುತ್ತಿರುತ್ತದೆ. ಕಟ್ಟಡದಲ್ಲಿ ವಿದ್ಯುತ್ ಹರಿಯುತ್ತಿರುವಾಗ ಆ ತಂತಿಯನ್ನು ಬಿಚ್ಚಿದರೆ ಎದುರುಬಲವು ಇಲ್ಲವಾಗಿ, ಮುಖ್ಯ ಪ್ರವಾಹವೆಲ್ಲವೂ ತಿರುಳನ್ನು ಕಾಂತಗೊಳಿಸತೊಡಗುತ್ತದೆ. ಬಿಚ್ಚಿದ ತುದಿಗಳ ನಡುವೆ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟುಗಳು ಹುಟ್ಟಿ ಕಿಡಿ ಹಾರಬಹುದು. ಮುಟ್ಟಿದವರ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದಲೇ ಈ ಮಂಡಲದಲ್ಲಿ ಫ್ಯೂಸ್ ಇಡುವುದಿಲ್ಲ. ಬಲ್ಲ ಕೆಲಸಗಾರರು ಮೀಟರನ್ನು ಕಳಚುವ ಮೊದಲು ಸಿ.ಟಿ.ಯ ಎರಡೂ ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಸಾಮಾನ್ಯ ವಿದ್ಯುತ್ ಕೆಲಸದಲ್ಲಿ ತಂತಿಗಳು ಕೂಡಿದರೆ ಕೇಡು. ಇಲ್ಲಿ ಅಗಲಿದರೆ ಕೇಡು.

ಇದೇ ತತ್ತ್ವ ಮನೆಯೊಳಗೆ ಪ್ರಾಣರಕ್ಷಕವೂ ಆಗಿದೆ. ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಒಂದೇ ಉಂಗುರದ ಮೂಲಕ ಸಾಗುತ್ತವೆ. ಹೋದದ್ದೂ ಬಂದದ್ದೂ ಸಮನಾಗಿದ್ದರೆ ಜಮಾ-ಖರ್ಚು ತಾಳೆಯಾದಂತೆ, ಉಂಗುರ ಸುಮ್ಮನಿರುತ್ತದೆ. ಗೀಸರಿನಿಂದಲೋ ಒದ್ದೆ ಕೈಯಿಂದಲೋ 30 ಮಿಲಿಆಂಪಿಯರ್ ನೆಲಕ್ಕೆ ಸೋರಿದರೆ, ಗೃಹಬಳಕೆಯ ಸಾಮಾನ್ಯ ಸ್ವಿಚ್ಚು 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯಬೇಕು. ಆದರೆ ನೆಲಕ್ಕೆ ಸೋರಿಕೆಯಾಗದೆ, ಫೇಸ್ ಹಾಗೂ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡಲಾರದು.

ಆದುದರಿಂದ ಮೀಟರ್ ಕೋಣೆಗೆ ಸದಾ ಬೀಗವಿರಲಿ. ಅಲ್ಲಿನ ತಂತಿಗಳನ್ನು ಅಧಿಕೃತ ಕೆಲಸಗಾರರಲ್ಲದೆ ಅನ್ಯರು ಮುಟ್ಟದಿರಲಿ. ಮನೆಯ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಸಂಪರ್ಕ ಕಡಿಯದಿದ್ದರೆ, ಅದನ್ನು ಬದಲಾಯಿಸಲು ಒಂದು ದಿನವೂ ತಡಮಾಡಬಾರದು.