ಸಿಯೆನಾದ ಎರಡು ಗೋಡೆಗಳು

ಊರು ಆಳುವವರ ಕಣ್ಣೆದುರೇ ಯಾರಾದರೂ ಎಚ್ಚರಿಕೆಯ ಚಿತ್ರ ಬರೆದಿದ್ದಾರಾ?

ಇಟಲಿಯ ಸಿಯೆನಾಕ್ಕೆ ಬನ್ನಿ.
ಇದು ಪಲಾತ್ಸೊ ಪುಬ್ಲಿಕೊ, ಊರಿನ ಪುರಭವನ.
ಒಂಬತ್ತು ಮಂದಿ ಇಲ್ಲಿ ಕೂತು ಆಡಳಿತ ನಡೆಸುತ್ತಿದ್ದರು.
1338–39ರಲ್ಲಿ ಅವರ ಕೋಣೆಗೆ ಚಿತ್ರ ಬರೆದವನು ಅಂಬ್ರೋಜೊ ಲೊರೆಂಜೆಟ್ಟಿ.

ಈ ಗೋಡೆಯಲ್ಲಿ ಒಳ್ಳೆಯ ಆಡಳಿತ.
ಅಂಗಡಿಗಳು ತೆರೆದಿವೆ.
ಬೀದಿಯಲ್ಲಿ ಕುಣಿತ.
ಎತ್ತರದಲ್ಲಿ ಗಾರೆಯವರ ಕೆಲಸ.
ಊರಾಚೆ ಹೊಲದಲ್ಲಿ ಸುಗ್ಗಿ.

ಈಗ ಎದುರಿಗೆ ತಿರುಗಿ.
ಕೊಂಬಿರುವ ಕ್ರೂರ ದೊರೆ.
ಪಾಳುಬಿದ್ದ ಮನೆಗಳು.
ಕೈತುಂಬ ಕೆಲಸ ಇರೋದು ಆಯುಧ ಮಾಡುವವನಿಗೆ ಮಾತ್ರ!

ತಕ್ಕಡಿಯ ಎರಡು ತಟ್ಟೆಗಳ ಹಾಗೆ ಈ ಗೋಡೆಗಳು.
ನಡುವೆ ಕೂತವರು ದಿನಾ ಎರಡನ್ನೂ ನೋಡಲೇಬೇಕಿತ್ತು.

ಚಿತ್ರ ಮುಗಿದ ಕೆಲವೇ ವರ್ಷಗಳಲ್ಲಿ, 1348ರಲ್ಲಿ, ಸಿಯೆನಾಕ್ಕೆ ಪ್ಲೇಗ್ ಬಂತು.
ಊರಿನ ಕೆಥೆಡ್ರಲ್ ದೊಡ್ಡದು ಮಾಡುವ ಕೆಲಸ ನಿಂತೇ ಹೋಯ್ತು.
ಅರ್ಧಕ್ಕೆ ಉಳಿದ ಆ ಎತ್ತರದ ಗೋಡೆಯನ್ನು ಇಂದಿಗೂ ಹತ್ತಬಹುದು.

ಸಿಯೆನಾಕ್ಕೆ ಹೋದರೆ ಮೊದಲು ಚಿತ್ರ ನೋಡಿ, ಆಮೇಲೆ ಕೆಥೆಡ್ರಲ್‌ನ ಆ ಗೋಡೆ ಹತ್ತಿ.
ಲೊರೆಂಜೆಟ್ಟಿ ಬರೆದ ಊರು, ಹೊಲ, ಗುಡ್ಡಗಳನ್ನು ಮೇಲಿಂದ ನೀವೇ ಗುರುತು ಹಿಡಿಯುತ್ತೀರಿ.