ಹರ್ಡಲ್ ಎತ್ತರ ಗೊತ್ತುಮಾಡುವ ಪುಟ್ಟ ನಾಯಿ

ಹುಮನಾಬಾದಿನ ಓಣಿಗಳಲ್ಲಾಗಲಿ, ಬಸವಕಲ್ಯಾಣದ ಹೊಸ ಬಡಾವಣೆಗಳಲ್ಲಾಗಲಿ, ಮಾಳಿಗೆಯ ಅಂಚಿಗೆ ಬಂದು ಹೋಗಿಬರುವವರನ್ನೆಲ್ಲ ಬೊಗಳುವ ಬಿಳಿ ನಾಯಿಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಎಲ್ಲರೂ ಪಾಮೇರಿಯನ್ ಎಂದು ಕರೆಯುವ ಇವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿಯನ್ನು ನೋಡಿದವರಿಗೆ ಈ ಜಾತಿಯ ಪರಿಚಯ ಬೇಕಿಲ್ಲ. ಇದರಲ್ಲಿ ಚಿಕ್ಕ ಬಗೆಯದು 5ರಿಂದ 7 ಕಿಲೋ ತೂಗುತ್ತದೆ, ಹೆಗಲಿನ ಎತ್ತರ 22ರಿಂದ 25 ಸೆಂಟಿಮೀಟರ್. ಮನೆಗೆ ಬಂದ ನೆಂಟರು ನೋಡಿ, ‘ಇದೇನ್ ಮಾಡ್ತದ್ರೀ, ಬೆಕ್ಕಿನಷ್ಟ್ ಅದ’ ಎನ್ನುತ್ತಾರೆ. ಸಾಕಿದವರ ಬಳಿಯೂ ಅದಕ್ಕೆ ಉತ್ತರವಿರುವುದಿಲ್ಲ. ಬೊಗಳುವುದು, ಮುದ್ದು ಮಾಡಿಸಿಕೊಳ್ಳುವುದು ಬಿಟ್ಟು ಅದಕ್ಕೆ ನಾವು ಯಾವ ಕೆಲಸವನ್ನೂ ಕಲಿಸಿಲ್ಲ.

ಇಂಥ ನಾಯಿಯೇ ಇಲ್ಲದಿದ್ದರೆ ತಂಡ ಕಟ್ಟುವವರು ಚಿಂತೆಗೆ ಬೀಳುವ ಆಟವೊಂದಿದೆ. ಅದರ ಹೆಸರು ಫ್ಲೈಬಾಲ್.

ನಾಲ್ಕು ನಾಯಿಗಳ ರಿಲೇ ಓಟ ಅದು. ಸಾಲಾಗಿ ನಾಲ್ಕು ಹರ್ಡಲ್, ಕೊನೆಯಲ್ಲಿ ಸ್ಪ್ರಿಂಗ್ ಇರುವ ಪೆಟ್ಟಿಗೆ. ಹೊರಡುವ ಗೆರೆಯಿಂದ ಮೊದಲ ಹರ್ಡಲ್‌ಗೆ 6 ಅಡಿ, ಒಂದರಿಂದ ಇನ್ನೊಂದಕ್ಕೆ 10 ಅಡಿ, ಕೊನೆಯದರಿಂದ ಪೆಟ್ಟಿಗೆಗೆ 15 ಅಡಿ. ಒಟ್ಟು 51 ಅಡಿ. ನಾಯಿ ನಾಲ್ಕೂ ಹರ್ಡಲ್ ಹಾರಿ ಪೆಟ್ಟಿಗೆಯನ್ನು ಕಾಲಿನಿಂದ ಒತ್ತಿದ ಕೂಡಲೇ ಚೆಂಡು ಚಿಮ್ಮುತ್ತದೆ. ಅದನ್ನು ಬಾಯಲ್ಲಿ ಹಿಡಿದು, ಮತ್ತೆ ನಾಲ್ಕು ಹರ್ಡಲ್ ಹಾರಿ ವಾಪಸು ಬರಬೇಕು. ಅದು ಗೆರೆ ದಾಟುವ ಹೊತ್ತಿಗೆ ಮುಂದಿನ ನಾಯಿ ಹೊರಡುತ್ತದೆ. ಪಕ್ಕದ ಓಣಿಯಲ್ಲಿ ಎದುರಾಳಿ ತಂಡವೂ ಓಡುತ್ತಿರುತ್ತದೆ.

ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1960ರ ದಶಕದ ಕೊನೆ ಮತ್ತು 70ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿನ ತರಬೇತುದಾರರು ಆಗ ಬೇರೊಂದು ಪಂದ್ಯ ಆಡಿಸುತ್ತಿದ್ದರು. ನಾಯಿ ಹರ್ಡಲ್ ಹಾರಿಹೋಗಿ, ಅಲ್ಲಿಟ್ಟ ವಸ್ತುಗಳಲ್ಲಿ ತನ್ನವರ ವಾಸನೆಯದನ್ನು ಮೂಸಿ ಆರಿಸಿ ತರಬೇಕಿತ್ತು. ಆ ಹರ್ಡಲ್ ಸಾಲಿನ ಕೊನೆಗೆ ಟೆನಿಸ್ ಚೆಂಡು ಎಸೆಯುವವರೊಬ್ಬರನ್ನು ನಿಲ್ಲಿಸಿದರು. ಆಮೇಲೆ ಎಸೆಯುವವರ ಜಾಗಕ್ಕೆ ಪೆಟ್ಟಿಗೆ ಬಂತು. ಮೊದಲ ಪೆಟ್ಟಿಗೆಯ ಶ್ರೇಯ ಹರ್ಬರ್ಟ್ ವ್ಯಾಗ್ನರ್ ಅವರಿಗೆ ಸಲ್ಲುತ್ತದೆ. ಅವರು ಜಾನಿ ಕಾರ್ಸನ್ ಅವರ ‘ದಿ ಟುನೈಟ್ ಶೋ’ದಲ್ಲಿ ಇದನ್ನು ತೋರಿಸಿದ ಮೇಲೆ ಊರೂರಿನ ಶ್ವಾನ ಕ್ಲಬ್ಬುಗಳು ತಾವೇ ಪೆಟ್ಟಿಗೆ ಮಾಡಿಕೊಳ್ಳತೊಡಗಿದವು. ಮೊದಲ ಟೂರ್ನಿ ನಡೆದದ್ದು 1983ರಲ್ಲಿ. ಮಿಶಿಗನ್ ಮತ್ತು ಕೆನಡಾದ ಒಂಟಾರಿಯೊ ತಂಡಗಳು ಕೂಡಿ ಉತ್ತರ ಅಮೆರಿಕ ಫ್ಲೈಬಾಲ್ ಸಂಘ, ಅಂದರೆ ನಾಫಾ, ಕಟ್ಟಿದವು. 1985ರಲ್ಲಿ ಮೈಕ್ ರ‍್ಯಾಂಡಲ್ ಅದರ ಮೊದಲ ನಿಯಮ ಪುಸ್ತಕ ಬರೆದರು. ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನಕ್ಕೆ ಆಟ ಕಾಲಿಟ್ಟದ್ದು 1990ರಲ್ಲಿ.

ಚಿಕ್ಕ ನಾಯಿಗಳ ದಿಕ್ಕು ಬದಲಿಸಿದ್ದು ಈ ನಿಯಮಗಳಲ್ಲಿನ ಒಂದೇ ಒಂದು ಸಾಲು. ತಂಡದಲ್ಲಿ ಯಾವ ನಾಯಿ ಎಲ್ಲಕ್ಕಿಂತ ಗಿಡ್ಡವೋ, ಅದರ ಅಳತೆಗೆ ತಕ್ಕಂತೆ ಆ ತಂಡದ ಎಲ್ಲ ಹರ್ಡಲ್‌ಗಳೂ ಇರಬೇಕು. ಮೊದಲಿಗೆ ಗಿಡ್ಡ ನಾಯಿಯ ಹೆಗಲಿನ ಎತ್ತರದಲ್ಲಿ 4 ಇಂಚು ಕಳೆಯುತ್ತಿದ್ದರು. 8 ಇಂಚಿಗಿಂತ ಕೆಳಗಿಲ್ಲ, 16ಕ್ಕಿಂತ ಮೇಲಿಲ್ಲ. ಮುಂದೆ ನಾಫಾ ಈ ಮಿತಿಗಳನ್ನು 7 ಮತ್ತು 14ಕ್ಕೆ ಇಳಿಸಿತು.

ನಮ್ಮ ಮಾಳಿಗೆಯ ಸ್ಪಿಟ್ಜನ್ನೇ ಹಳೆಯ ಲೆಕ್ಕಕ್ಕೆ ತನ್ನಿ. ಅದರ ಹೆಗಲು ಸುಮಾರು 10 ಇಂಚು. ನಾಲ್ಕು ಕಳೆದರೆ ಆರು; ಕೆಳಮಿತಿ ಇರುವುದರಿಂದ ಹರ್ಡಲ್ 8 ಇಂಚಿಗೆ ನಿಲ್ಲುತ್ತದೆ. ಅದೇ ತಂಡದಲ್ಲಿ ನಾಲ್ಕೂ ಲ್ಯಾಬ್ರಡಾರ್ ಆಗಿದ್ದರೆ ಎತ್ತರ 16 ಇಂಚು. ಒಂದು ನಾಯಿ ಹೋಗಿ ಬರುವಾಗ ಎಂಟು ಸಲ ಹಾರುತ್ತದೆ. ಮೂರು ದೊಡ್ಡ ನಾಯಿಗಳದು ಒಟ್ಟು ಇಪ್ಪತ್ತನಾಲ್ಕು ಹಾರಾಟ, ಪ್ರತಿಯೊಂದರಲ್ಲೂ ಎಂಟು ಇಂಚು ಕಡಿಮೆ! ಎತ್ತರದ ಹರ್ಡಲ್ ಎದುರಾದರೆ ನಾಯಿ ಮೈಯನ್ನು ಮೇಲೆತ್ತಬೇಕು, ವೇಗ ಮುರಿಯುತ್ತದೆ. ತಗ್ಗಿನದಾದರೆ ಓಟದ ದಾಪಿನಲ್ಲೇ ದಾಟಿಹೋಗುತ್ತದೆ. ಪುಟ್ಟ ನಾಯಿ ತಾನು ಓಡುವಾಗ ಒಂದೆರಡು ಸೆಕೆಂಡು ಹಿಂದೆ ಬಿದ್ದರೂ ಮಿಕ್ಕ ಮೂವರ ದಾರಿಯನ್ನು ಹಗುರ ಮಾಡಿರುತ್ತದೆ. ಆದ್ದರಿಂದಲೇ ಅದಕ್ಕೆ ಆಟದಲ್ಲಿ ‘ಹೈಟ್ ಡಾಗ್’ ಎಂಬ ಸ್ಥಾನ. ದುರ್ಬಲನಿಗೆ ದಯೆ ತೋರಿಸಿ ಜಾಗ ಕೊಟ್ಟದ್ದಲ್ಲ ಇದು. ಅವನಿಲ್ಲದೆ ಗೆಲ್ಲುವುದು ಕಷ್ಟವಾಗುವಂತೆ ಆಟವನ್ನೇ ಕಟ್ಟಿದ್ದಾರೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಅಂಕಗಳೂ ಅದೇ ನ್ಯಾಯದಲ್ಲಿವೆ. ನಾಫಾ ಪಂದ್ಯದಲ್ಲಿ ತಂಡ 24 ಸೆಕೆಂಡಿನೊಳಗೆ ಮುಗಿಸಿದರೆ ಓಡಿದ ಪ್ರತಿ ನಾಯಿಗೂ 25 ಅಂಕ, 28ರೊಳಗಾದರೆ 5, 32ರೊಳಗಾದರೆ 1. ಮೂರು ನಾಯಿ ತಲಾ 5 ಸೆಕೆಂಡಿನಲ್ಲಿ ಬಂದು, ಸ್ಪಿಟ್ಜ್ 7 ಸೆಕೆಂಡು ತೆಗೆದುಕೊಂಡರೂ ಒಟ್ಟು 22. ನಾಲ್ಕಕ್ಕೂ ಸಮ ಪಾಲು. ಜಾತಿಯ ಕಾಗದಪತ್ರವನ್ನೂ ಕೇಳುವುದಿಲ್ಲ. ಮಿಶ್ರ ತಳಿಯ ನಾಯಿ, ಬೀದಿಯಿಂದ ತಂದು ಸಾಕಿದ ನಾಯಿ ಯಾವುದಾದರೂ ಓಡಬಹುದು.

ನಿಯಮ ಬಾಗಿಲು ತೆರೆದರೂ ಪೆಟ್ಟಿಗೆ ಬಹಳ ದಿನ ಅಡ್ಡ ನಿಂತಿತು. ಹಳೆಯ ಪೆಟ್ಟಿಗೆಗಳಲ್ಲಿ ಪೆಡಲ್ ಒತ್ತಿದರೆ ಚೆಂಡು ಗಾಳಿಗೆ ಹಾರುತ್ತಿತ್ತು. ಮೂರು-ನಾಲ್ಕು ಕಿಲೋದ ನಾಯಿಗೆ ಪೆಡಲ್ ಒತ್ತುವಷ್ಟು ಭಾರವಿಲ್ಲ, ಮೇಲೆ ಹೋದ ಚೆಂಡು ಎಟಕುವುದೂ ಇಲ್ಲ. ಕ್ರಮೇಣ ಮುಂಭಾಗವೆಲ್ಲ ಇಳಿಜಾರು ಹಲಗೆಯಾಗಿರುವ ಪೆಟ್ಟಿಗೆಗಳು ಬಂದವು. ನಾಯಿ ನಾಲ್ಕೂ ಕಾಲನ್ನು ಹಲಗೆಯ ಮೇಲೆ ಊರಿ, ಈಜುಗಾರ ಕೊಳದ ಗೋಡೆ ಒದ್ದು ತಿರುಗುವ ಹಾಗೆ, ಚೆಂಡು ಕಚ್ಚಿಕೊಂಡೇ ತಿರುಗುತ್ತದೆ. ಚೆಂಡಿನದೂ ಒಂದು ತೊಡಕು. ಟೆನಿಸ್ ಚೆಂಡಿನ ಅಗಲ ಆರೂವರೆ ಸೆಂಟಿಮೀಟರಿಗೂ ಹೆಚ್ಚು, ಸಣ್ಣ ಬಾಯಿಗೆ ಹಿಡಿಯದು. ಈಗ ಸಣ್ಣ, ಮೆತ್ತನೆಯ ಚೆಂಡುಗಳನ್ನೂ ಬಳಸುತ್ತಾರೆ.

ಬೆಲೆ ಬಂದಲ್ಲಿ ಆಸೆಯೂ ಬರುತ್ತದೆ. ಗಿಡ್ಡವೂ ಇರಬೇಕು, ಮಿಂಚಿನಂತೆ ಓಡಲೂ ಬೇಕು ಎಂದು ಕೆಲವರು ಬಾರ್ಡರ್ ಕಾಲಿಯನ್ನು ಜಾಕ್ ರಸೆಲ್ ಟೆರಿಯರ್ ಜೊತೆ ಕೂಡಿಸಿ ‘ಬಾರ್ಡರ್ ಜ್ಯಾಕ್’ ಬೆಳೆಸಿದರು. ಇದು ನನಗೆ ಒಪ್ಪಿಗೆಯಿಲ್ಲ. ಇದ್ದ ನಾಯಿಗೆ ಆಟ ಕಲಿಸುವುದು ಬೇರೆ, ಆಟಕ್ಕೆಂದು ನಾಯಿ ಹುಟ್ಟಿಸುವುದು ಬೇರೆ.

ನಮ್ಮ ಸೀಮೆ ನಾಯಿಗಳಿಗೆ ಹೊರತಾದುದಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ನೆಲೆಸಿದ ಮೈಲಾರ ಮಲ್ಲಣ್ಣನ ಪಟದಲ್ಲಿ ಕುದುರೆಯ ಜೊತೆ ನಾಯಿಯನ್ನೂ ನೋಡುತ್ತ ಬೆಳೆದವರು ನಾವು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಗೂ ಏರಿತು. ಆ ಗೌರವ ಸರಿಯಾದದ್ದೇ. ಆದರೆ ನಮ್ಮಲ್ಲಿ ನಾಯಿಯ ಯೋಗ್ಯತೆ ಅಳೆಯುವುದು ಬೇಟೆ, ಕಾವಲು, ಎತ್ತರ, ಓಟದಿಂದ. ಫ್ಲೈಬಾಲ್‌ನಲ್ಲಿ ಎತ್ತರದ ಮುಧೋಳವೂ ಸ್ಪಿಟ್ಜಿನ ಅಳತೆಯ ಹರ್ಡಲ್ ದಾಟಬೇಕಾಗುತ್ತದೆ. ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವ ಮುಧೋಳಕ್ಕೆ ಚೆಂಡು ಹಿಡಿದು ವಾಪಸು ತರುವ ಚಾಳಿ ಹಚ್ಚುವುದು ಸುಲಭವಲ್ಲ. ಮನೆಯವರ ಮುಖ ನೋಡುತ್ತಲೇ ಇರುವ ಸ್ಪಿಟ್ಜಿಗೆ ಅದು ಬೇಗ ಒಲಿಯುತ್ತದೆ.

ಹುಮನಾಬಾದ್, ಬಸವಕಲ್ಯಾಣಗಳಲ್ಲಿ ಶುರುಮಾಡಲು ದೊಡ್ಡ ಖರ್ಚಿಲ್ಲ. ಹರ್ಡಲ್‌ಗಳಿಗೆ ಬಡಗಿಯಿಂದ ಕೊಯ್ಯಿಸಿದ ಪ್ಲೈವುಡ್ ಸಾಕು. ನೆಲವನ್ನು ಮಾತ್ರ ನೋಡಿ ಆರಿಸಬೇಕು. ಬೇಸಿಗೆಯಲ್ಲಿ ಎರೆ ನೆಲ ಬಿರಿಯುತ್ತದೆ, ಪುಟ್ಟ ಪಾದ ಸಿಕ್ಕಿಬೀಳುತ್ತದೆ. ಮುರುಮಿನ ಹರಳು ಅಂಗಾಲು ಕೊರೆಯುತ್ತದೆ. ಮಾಳಿಗೆಯ ಗಚ್ಚು ಜಾರುತ್ತದೆ, ಕಾಯುತ್ತದೆ. ಹುಲ್ಲಿನ ಜಾಗ, ಇಲ್ಲವೇ ರಬ್ಬರ್ ಚಾಪೆ ಬೇಕು. ಸ್ಪಿಟ್ಜಿಗೆ ಎರಡು ಪದರದ ಕೂದಲು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮಲ್ಲಿ ಸೂರ್ಯ ಮೇಲೇರುವ ಮುಂಚೆಯೇ ಅಭ್ಯಾಸ ಮುಗಿಯಬೇಕು.

ಕಲಿಸುವ ಕ್ರಮದಲ್ಲಿ ಪೆಟ್ಟಿಗೆ ಕೊನೆಯದು. ಒಬ್ಬರು ನಾಯಿಯನ್ನು ಹಿಡಿದುಕೊಳ್ಳಬೇಕು, ಮನೆಯವರು ಹೆಸರು ಕರೆಯುತ್ತ ದೂರ ಓಡಬೇಕು, ಆಮೇಲೆ ಬಿಡಬೇಕು. ಈ ಓಟ ಗಟ್ಟಿಯಾದ ಮೇಲೆ ನೆಲಕ್ಕೆ ತಾಗುವಷ್ಟು ತಗ್ಗಿನ ಹಲಗೆ, ಆಮೇಲೆ ಚೆಂಡು, ಆಮೇಲೆ ಇಳಿಜಾರು ಹಲಗೆಯ ಮೇಲೆ ತಿರುಗುವುದು. ಎಳೆಯ ಮರಿಯನ್ನು ನಾಫಾ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಬೆಳೆಯುವ ಎಲುಬಿಗೆ ಹಾರಾಟದ ಹೊಡೆತ ಒಳ್ಳೆಯದಲ್ಲ. ಸಣ್ಣ ತಳಿಗಳಲ್ಲಿ ಮೊಣಕಾಲ ಚಿಪ್ಪು ಜಾರುವ ತೊಂದರೆ ಸಾಮಾನ್ಯ, ಶ್ವಾಸನಾಳವೂ ನಾಜೂಕು. ಪಶುವೈದ್ಯರಿಗೆ ಮೊಣಕಾಲು ತೋರಿಸಿಕೊಂಡೇ ಹರ್ಡಲ್ ಇಡಬೇಕು, ಕೊರಳ ಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಬೇಕು. ಕುಂಟಿದ ದಿನ ಆಟ ಬಂದ್.